ಎಕ್ಸ್‌ಟೆನ್ಷನ್, ಲೇಔಟ್: ಬಡಾವಣೆ ಒಂದೇ, ಅರ್ಥ ಎರಡು

ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಮನೆ ಹುಡುಕಿಕೊಂಡು ಹೊರಟವರಿಗೆ ವಿಳಾಸದ ಕೊನೆಯಲ್ಲಿ ಎರಡು ಇಂಗ್ಲಿಷ್ ಪದಗಳು ಮೇಲಿಂದ ಮೇಲೆ ಎದುರಾಗುತ್ತವೆ. ಗವಿಪುರಂಗೆ ‘ಎಕ್ಸ್‌ಟೆನ್ಷನ್’ ಎಂಬ ಬಾಲವಿದೆ. ಬಿಟಿಎಂಗೂ ಕುಮಾರಸ್ವಾಮಿಗೂ ‘ಲೇಔಟ್’ ಎಂಬ ಬಾಲವಿದೆ. ಎರಡನ್ನೂ ಕನ್ನಡದಲ್ಲಿ ‘ಬಡಾವಣೆ’ ಎಂದೇ ಬರೆಯುವುದು ರೂಢಿ. ಬಸ್ಸಿನ ಫಲಕದಲ್ಲಿ, ರೇಷನ್ ಕಾರ್ಡಿನಲ್ಲಿ, ಮದುವೆಯ ಲಗ್ನಪತ್ರಿಕೆಯಲ್ಲಿ ಈ ಎರಡು ಪದಗಳಿಗೆ ಇರುವ ವ್ಯತ್ಯಾಸ ಯಾರಿಗೂ ಬೇಕಾಗುವುದಿಲ್ಲ.

ಆದರೆ ಪದ ಎರಡಾಗಿರುವುದಕ್ಕೆ ಕಾರಣವಿದೆ. ಒಂದು ಊರು ಬೆಳೆದ ಎರಡು ಬಗೆಗಳನ್ನು ಅವು ಹೇಳುತ್ತವೆ. ಯಾವ ಬೀದಿಗೆ ನಲ್ಲಿ ನೀರು ಯಾವಾಗ ಬಂತು, ಯಾರ ಹೊಲ ಎಲ್ಲಿ ಕರಗಿತು, ನಿವೇಶನ ಕೊಂಡವರು ಯಾರ ಮುಂದೆ ಹೋಗಿ ಕೇಳಬೇಕು ಎಂಬ ಪ್ರಶ್ನೆಗಳಿಗೂ ಈ ವ್ಯತ್ಯಾಸಕ್ಕೂ ಸಂಬಂಧವಿದೆ.

ಇದನ್ನು ನೋಡಲು ಹನುಮಂತನಗರ ತಕ್ಕ ಸ್ಥಳ. ಅದರ ಪೂರ್ವಕ್ಕೆ ಬಸವನಗುಡಿ, ಉತ್ತರಕ್ಕೆ ಗವಿಪುರಂ. ಅವು ಎಕ್ಸ್‌ಟೆನ್ಷನ್ ಕಾಲದ ಬಡಾವಣೆಗಳು. ದಕ್ಷಿಣಕ್ಕೆ ಬನಶಂಕರಿ ಒಂದನೇ ಹಂತ. ಅದು ಸ್ಟೇಜು, ಬ್ಲಾಕುಗಳ ಕಾಲದ್ದು. ಎರಡರ ನಡುವೆ ಇರುವ ಹನುಮಂತನಗರಕ್ಕೆ ಮಾತ್ರ ಯಾವ ಬಾಲವೂ ಇಲ್ಲ, ಬರೀ ‘ನಗರ’. ಇಲ್ಲಿನ ಕುಮಾರಸ್ವಾಮಿ ದೇವಸ್ಥಾನದ ಗುಡ್ಡಕ್ಕೆ ನರಹರಿರಾಯನ ಗುಡ್ಡವೆಂದೂ ಮೌಂಟ್ ಜಾಯ್ ಎಂದೂ ಎರಡು ಹೆಸರುಗಳು. ದೇವರ ಹೆಸರು ಕೇಳಿ ಕುಮಾರಸ್ವಾಮಿ ಲೇಔಟ್‌ಗೆ ಹೋದವರಿಗೆ ಈ ಗುಡಿ ಸಿಗುವುದಿಲ್ಲ. ಆ ಲೇಔಟ್ ಇರುವುದು ಬನಶಂಕರಿಯ ಆಚೆ.

ಪದಗಳ ಮೂಲ

‘ಎಕ್ಸ್‌ಟೆನ್ಷನ್’ ಲ್ಯಾಟಿನ್ ಮೂಲದ ಪದ. ಹೊರಕ್ಕೆ ಚಾಚುವುದು, ಎಳೆದು ಉದ್ದ ಮಾಡುವುದು ಎಂಬುದು ಅದರ ಮೂಲಾರ್ಥ. ಈ ಪದವನ್ನು ನಾವು ಇತರೆಡೆಯೂ ಬಳಸುತ್ತೇವೆ. ನಿವೃತ್ತಿಯಾಗಬೇಕಾದ ಅಧಿಕಾರಿಗೆ ಇನ್ನೊಂದು ವರ್ಷ ‘ಎಕ್ಸ್‌ಟೆನ್ಷನ್’ ಸಿಗುತ್ತದೆ. ಕಚೇರಿಯ ದೂರವಾಣಿಗೆ ‘ಎಕ್ಸ್‌ಟೆನ್ಷನ್’ ಸಂಖ್ಯೆ ಇರುತ್ತದೆ. ಬ್ಯಾಂಕುಗಳು ಶಾಲೆ, ಆಸ್ಪತ್ರೆಗಳಲ್ಲಿ ‘ಎಕ್ಸ್‌ಟೆನ್ಷನ್ ಕೌಂಟರ್’ ತೆರೆಯುತ್ತವೆ. ಇವೆಲ್ಲದರಲ್ಲೂ ಒಂದು ಸಮಾನ ಅಂಶವಿದೆ. ಮೊದಲೇ ಇರುವ ಯಾವುದೋ ಒಂದಕ್ಕೆ ಇದು ಸೇರ್ಪಡೆ. ಸೇವಾವಧಿ ಇಲ್ಲದೆ ಅದರ ವಿಸ್ತರಣೆ ಇಲ್ಲ, ಬ್ಯಾಂಕಿನ ಶಾಖೆ ಇಲ್ಲದೆ ವಿಸ್ತರಣಾ ಕೌಂಟರ್ ಇಲ್ಲ.

‘ಲೇಔಟ್’ ಹಾಗಲ್ಲ. ಇದು ಇಂಗ್ಲಿಷಿನ ಸ್ವಂತ ಪದಗಳೆರಡು ಕೂಡಿ ಆದದ್ದು. ಹರವಿ ಇಡುವುದು, ಯಾವುದು ಎಲ್ಲಿರಬೇಕೆಂದು ಗೊತ್ತುಮಾಡಿ ಜೋಡಿಸುವುದು ಎಂದು ಅದರ ಅರ್ಥ. ಪತ್ರಿಕಾ ಕಚೇರಿಯಲ್ಲಿ ಪುಟದ ‘ಲೇಔಟ್’ ಎಂದರೆ ತಲೆಬರಹ ಎಲ್ಲಿ, ಚಿತ್ರ ಎಲ್ಲಿ, ಜಾಹೀರಾತು ಎಲ್ಲಿ ಎಂದು ಖಾಲಿ ಹಾಳೆಯ ಮೇಲೆ ಗೆರೆ ಎಳೆಯುವುದು. ಸುದ್ದಿ ಇನ್ನೂ ಬಂದಿರದಿದ್ದರೂ ಅದಕ್ಕೆ ಜಾಗ ಬಿಟ್ಟಿರಬಹುದು. ಲೇಔಟ್‌ಗೆ ಬೇಕಾದುದು ಒಂದು ಖಾಲಿ ಜಾಗ ಮತ್ತು ಒಂದು ನಕ್ಷೆ.

ಸರಳವಾದ ಪರೀಕ್ಷೆ ಇಷ್ಟೇ. ಎಕ್ಸ್‌ಟೆನ್ಷನ್ ಎಂದೊಡನೆ ‘ಯಾವುದರದು?’ ಎಂದು ಕೇಳಬಹುದು. ಅದಕ್ಕೆ ‘ಊರಿನದು’ ಎಂಬ ಉತ್ತರ ಬರುತ್ತದೆ. ಲೇಔಟ್ ಎಂದಾಗ ಕೇಳಬೇಕಾದ ಪ್ರಶ್ನೆ ‘ಯಾವ ಜಮೀನಿನಲ್ಲಿ?’ ಎಂಬುದು. ಅದಕ್ಕೆ ಉತ್ತರವಾಗಿ ಬರುವುದು ಸರ್ವೆ ನಂಬರು.

ಕನ್ನಡದಲ್ಲಿಯೂ ಈ ಭೇದಕ್ಕೆ ಪದಗಳಿವೆ. ವಿಸ್ತರಣೆ ಎಂದರೆ ಹರಡುವುದು. ವಿನ್ಯಾಸ ಎಂದರೆ ಕ್ರಮವಾಗಿ ಇಡುವುದು. ‘ಬಡಾವಣೆ’ ಎಂಬುದು ಹೆಚ್ಚಿಸು, ಬೆಳೆಸು ಎಂಬ ಅರ್ಥದ ಹಿಂದೂಸ್ತಾನಿ ಮಾತಿನ ಸಂಬಂಧಿ. ಅಂದರೆ ಮೂಲದಲ್ಲಿ ಅದು ‘ಎಕ್ಸ್‌ಟೆನ್ಷನ್’ಗೆ ಸರಿಹೊಂದುವ ಪದ. ಲೇಔಟುಗಳ ಕಾಲ ಬಂದಾಗ ಅದೇ ಪದ ಅವಕ್ಕೂ ಸಂದಿತು. ಸರ್ಕಾರಿ ಕಡತಗಳು ‘ಬಡಾವಣೆಯ ವಿನ್ಯಾಸ ನಕ್ಷೆ’ ಎಂದು ಬರೆದು ಎರಡನ್ನೂ ಒಂದೇ ಸಾಲಿನಲ್ಲಿ ಕೂರಿಸುತ್ತವೆ. ಆದರೆ ಜನರ ಮಾತಿನಲ್ಲಿ ಭೇದ ಉಳಿದಿದೆ. ‘ಆ ಹೊಲವೆಲ್ಲ ಲೇಔಟ್ ಆಯಿತು’ ಎನ್ನುವವರುಂಟು. ‘ಆ ಹೊಲ ಎಕ್ಸ್‌ಟೆನ್ಷನ್ ಆಯಿತು’ ಎನ್ನುವವರಿಲ್ಲ.

ಪೇಟೆಯಿಂದ ಎಕ್ಸ್‌ಟೆನ್ಷನ್‌ಗೆ

ಹಳೆಯ ಬೆಂಗಳೂರು ಪೇಟೆಗಳ ಊರು. ಅಕ್ಕಿಪೇಟೆ, ರಾಗಿಪೇಟೆ, ಬಳೇಪೇಟೆ, ಅರಳೇಪೇಟೆ, ತರಗುಪೇಟೆ, ಕುಂಬಾರಪೇಟೆ ಎಂದು ಕಸುಬು, ಸರಕುಗಳ ಹೆಸರಿನಲ್ಲೇ ಬೀದಿಗಳು. ಕೆಳಗೆ ಅಂಗಡಿ, ಮೇಲೆ ಮನೆ, ಒಂದಕ್ಕೊಂದು ಅಂಟಿದ ಗೋಡೆಗಳು. ಪೂರ್ವಕ್ಕೆ ಬ್ರಿಟಿಷರ ದಂಡು ಪ್ರದೇಶ. 1862ರಲ್ಲಿ ಈ ಎರಡಕ್ಕೂ ಬೇರೆ ಬೇರೆ ಪುರಸಭೆಗಳು ಬಂದವು.

ಜನಸಂಖ್ಯೆ ಹೆಚ್ಚಿದಂತೆ ಪೇಟೆಗೆ ಉಸಿರು ಕಟ್ಟಿತು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1892ರಲ್ಲಿ, ಪೇಟೆಗೆ ಹೊಂದಿಕೊಂಡಂತೆ ಚಾಮರಾಜಪೇಟೆಯೂ ಅದರ ಆಸುಪಾಸಿನಲ್ಲೇ ಶೇಷಾದ್ರಿಪುರವೂ ರೂಪುಗೊಂಡವು. ನೇರ ರಸ್ತೆಗಳು, ಅವನ್ನು ಕತ್ತರಿಸುವ ಅಡ್ಡರಸ್ತೆಗಳು, ಅಳೆದು ಕೊಟ್ಟ ನಿವೇಶನಗಳು. ಚಾಮರಾಜಪೇಟೆಗೆ ಹಳೆಯ ‘ಪೇಟೆ’ ಎಂಬ ಹೆಸರೇ ಉಳಿದರೂ ಒಳಗಿನ ರಚನೆ ಹೊಸದು.

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗ್ 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೂ ಬಂತು. ಗಾಳಿ ಬೆಳಕಿಲ್ಲದ ಪೇಟೆಯ ಮನೆಗಳಲ್ಲಿ ಸಾವು ಹೆಚ್ಚಿತು. ಜನ ಮನೆ ತೊರೆದು ಬಯಲಿನಲ್ಲಿ ಗುಡಿಸಲು ಹಾಕಿಕೊಂಡರು. ಊರಿನ ದಕ್ಷಿಣಕ್ಕೆ ಬಸವಣ್ಣನ ಗುಡಿಯ ಸುತ್ತ ಬಸವನಗುಡಿ, ವಾಯವ್ಯಕ್ಕೆ ಕಾಡು ಮಲ್ಲೇಶ್ವರ ಗುಡಿಯ ಸುತ್ತ ಮಲ್ಲೇಶ್ವರಂ ಬೇಗಬೇಗನೆ ಬೆಳೆದದ್ದು ಈ ಭಯದ ಹಿನ್ನೆಲೆಯಲ್ಲಿ. ಅದೇ 1898ರಲ್ಲಿ ಮುಂಬಯಿಯಲ್ಲಿ ನಗರ ಸುಧಾರಣಾ ಟ್ರಸ್ಟ್ ಸ್ಥಾಪನೆಯಾಯಿತು. 1903ರಲ್ಲಿ ಮೈಸೂರು ನಗರಕ್ಕೂ ಅಂಥದೇ ಮಂಡಳಿ ಬಂತು. ದಂಡು ಪ್ರದೇಶದವರು ತಮ್ಮ ಹೊಸ ವಸತಿ ಪ್ರದೇಶವನ್ನು 1910ರಲ್ಲಿ ಫ್ರೇಜರ್ ಟೌನ್ ಎಂದು ಕರೆದರು. ಅಂದರೆ ಒಂದೇ ಕಾಯಿಲೆಯ ಕಾಲದಲ್ಲಿ ಬೆಳೆದ ಹೊಸ ಬೀದಿಗಳು ಪೇಟೆಯ ಕಡೆ ‘ಎಕ್ಸ್‌ಟೆನ್ಷನ್’ ಆದವು, ದಂಡಿನ ಕಡೆ ‘ಟೌನ್’ ಆದವು.

ಇವನ್ನು ಎಕ್ಸ್‌ಟೆನ್ಷನ್ ಎಂದು ಕರೆದುದು ಸರಿಯಾಗಿಯೇ ಇತ್ತು. ಪೇಟೆಯ ಪುರಸಭೆಯೇ ಅವುಗಳ ಪುರಸಭೆ. ಪೇಟೆಗೆ ಬಂದ ಸೌಲಭ್ಯಗಳೇ ಅಲ್ಲಿಗೂ ಚಾಚಿಕೊಂಡವು. ಹೆಸರಘಟ್ಟದಿಂದ ಕೊಳವೆಯಲ್ಲಿ ನೀರು ಬಂದದ್ದು 1896ರಲ್ಲಿ. ಶಿವನಸಮುದ್ರದ ವಿದ್ಯುತ್ತಿನಿಂದ ಬೀದಿ ದೀಪ ಹೊತ್ತಿದ್ದು 1905ರಲ್ಲಿ. ತಾಯಿಮನೆ ಒಂದು ಇದ್ದುದರಿಂದ ಹೊಸ ಬೀದಿಗೆ ನೀರು, ದೀಪ, ಚರಂಡಿ ಕೊಡಬೇಕಾದವರು ಯಾರೆಂಬ ಬಗ್ಗೆ ಗೊಂದಲವಿರಲಿಲ್ಲ.

ಆದರೆ ಚಾಚಿಕೊಂಡದ್ದು ನೀರು, ದೀಪ ಮಾತ್ರವಲ್ಲ. ಪೇಟೆಯ ಜಾತಿ ವಿಂಗಡಣೆಯೂ ಚಾಚಿಕೊಂಡಿತು. ಹೊಸ ಎಕ್ಸ್‌ಟೆನ್ಷನ್‌ಗಳಲ್ಲಿ ಬೇರೆ ಬೇರೆ ಜಾತಿ ಮತಗಳವರಿಗೆ ಬೇರೆ ಬೇರೆ ಭಾಗಗಳೆಂದು ಮೊದಲ ಯೋಜನೆಗಳಲ್ಲೇ ಗೊತ್ತುಮಾಡಲಾಗಿತ್ತು. ಮನೆಗಳ ಸಾಲಿನ ಹಿಂದೆ ‘ಕನ್ಸರ್ವೆನ್ಸಿ’ ಎಂಬ ಕಿರು ಓಣಿ ಬಿಡಲಾಗಿತ್ತು. ಕಕ್ಕಸಿನ ಮಲವನ್ನು ಹೊತ್ತೊಯ್ಯುವ ಕಾರ್ಮಿಕರು ಮುಂದಿನ ಬೀದಿಗೆ ಬಾರದೆ ಆ ಓಣಿಯಲ್ಲೇ ಓಡಾಡಬೇಕಿತ್ತು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಲು ಕರ್ನಾಟಕ ಕ್ರಮ ಕೈಗೊಂಡದ್ದು 1970ರ ದಶಕದಲ್ಲಿ, ಬಿ. ಬಸವಲಿಂಗಪ್ಪ ಸಚಿವರಾಗಿದ್ದಾಗ. ಬಸವನಗುಡಿ, ಮಲ್ಲೇಶ್ವರದ ಎಷ್ಟೋ ಮನೆಗಳ ಹಿಂದೆ ಆ ಓಣಿಯ ಗುರುತು ಇಂದಿಗೂ ಇದೆ.

ಹೆಸರಿನ ಬೀದಿ, ನಂಬರಿನ ಬೀದಿ

ಎಕ್ಸ್‌ಟೆನ್ಷನ್‌ಗಳಿಗೆ ಹೆಸರು ಕೊಟ್ಟವರು ದೇವರು, ದೊರೆ, ದಿವಾನರು. ಬಸವ, ಮಲ್ಲೇಶ್ವರ, ಗವಿ ಗಂಗಾಧರೇಶ್ವರ, ಚಾಮರಾಜ, ಶೇಷಾದ್ರಿ. ಬಸವನಗುಡಿಯ ಬೀದಿಗಳಿಗೂ ಹೆಸರುಗಳೇ ಹೆಚ್ಚು. ಬುಲ್ ಟೆಂಪಲ್ ರಸ್ತೆ, ಸರ್ವೇಯರ್ ಬೀದಿ, ಗಾಂಧಿ ಬಜಾರ್. ನಾಗಸಂದ್ರ ರಸ್ತೆ ಮುಂದೆ ಡಿ.ವಿ.ಜಿ. ರಸ್ತೆಯಾಯಿತು. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಮನೆಯಿದ್ದುದು ಗವಿಪುರಂ ಎಕ್ಸ್‌ಟೆನ್ಷನ್‌ನಲ್ಲಿ.

ಅದೇ ಗವಿಪುರಂಗೆ ಅಂಟಿಕೊಂಡೇ ಗವಿಪುರಂ ಗುಟ್ಟಹಳ್ಳಿ ಇದೆ. ಒಂದರ ಬಾಲ ‘ಎಕ್ಸ್‌ಟೆನ್ಷನ್’, ಇನ್ನೊಂದರ ಬಾಲ ‘ಹಳ್ಳಿ’. ಊರು ಚಾಚಿಕೊಂಡು ಬಂದು ಹಳ್ಳಿಯನ್ನು ಮುಟ್ಟಿದ ಗೆರೆ ಹೆಸರಿನಲ್ಲೇ ಉಳಿದುಕೊಂಡಿದೆ.

ಬಸವನಗುಡಿಯಿಂದ ಪಶ್ಚಿಮಕ್ಕೆ ಇಳಿದು ಹನುಮಂತನಗರಕ್ಕೆ ಬಂದರೆ ಹೆಸರಿನ ಜಾಗದಲ್ಲಿ ಅಂಕಿಗಳು ಕಾಣತೊಡಗುತ್ತವೆ. ಇಷ್ಟನೇ ಮುಖ್ಯರಸ್ತೆ, ಇಷ್ಟನೇ ಅಡ್ಡರಸ್ತೆ. ದೊಡ್ಡ ರಸ್ತೆಗೆ ಕೂಡ ಅದರ ಅಗಲವೇ ಹೆಸರು, ‘ಐವತ್ತಡಿ ರಸ್ತೆ’. ಮೇನು ಕ್ರಾಸುಗಳು ಚಾಮರಾಜಪೇಟೆ, ಮಲ್ಲೇಶ್ವರದಲ್ಲೇ ಇದ್ದವು ನಿಜ. ಆದರೆ ಇನ್ನೂ ದಕ್ಷಿಣಕ್ಕೆ ಬನಶಂಕರಿಗೆ, ಜಯನಗರಕ್ಕೆ ಹೋದರೆ ಬಡಾವಣೆಯನ್ನೇ ನಂಬರಿನಿಂದ ಕರೆಯುತ್ತಾರೆ. ಒಂದನೇ ಹಂತ, ನಾಲ್ಕನೇ ಬ್ಲಾಕು, ಏಳನೇ ಫೇಸು. ಬೀದಿಗೆ ಹೆಸರು ಬೇಕಾದರೆ ಅಲ್ಲಿ ಮೊದಲು ಜನ ಬಾಳಿರಬೇಕು. ನಂಬರಿಗೆ ನಕ್ಷೆಯೊಂದಿದ್ದರೆ ಸಾಕು.

ಟ್ರಸ್ಟು ಬಂತು, ನಕ್ಷೆ ಬಂತು

ಈ ಬದಲಾವಣೆಯ ಹಿಂದೆ 1945ರ ಬೆಂಗಳೂರು ನಗರ ಸುಧಾರಣಾ ಕಾಯ್ದೆ ಇದೆ. ಅದರಂತೆ ನಗರ ಸುಧಾರಣಾ ಟ್ರಸ್ಟ್ ಮಂಡಳಿ, ಜನರ ಮಾತಿನ ಸಿಐಟಿಬಿ, ಸ್ಥಾಪನೆಯಾಯಿತು. ಬಡಾವಣೆ ಮಾಡುವ ಕೆಲಸ ಊರು ನೋಡಿಕೊಳ್ಳುವ ಪುರಸಭೆಯ ಕೈಯಿಂದ ಜಮೀನು ಪಡೆದು ನಿವೇಶನ ಹಂಚುವ ಪ್ರತ್ಯೇಕ ಸಂಸ್ಥೆಯ ಕೈಗೆ ಹೋಯಿತು. 1948ರಲ್ಲಿ ಸಿ. ರಾಜಗೋಪಾಲಾಚಾರಿ ಅವರು ಅಡಿಗಲ್ಲು ಹಾಕಿದ ಜಯನಗರ ಈ ಹೊಸ ಕಾಲದ ದೊಡ್ಡ ಬಡಾವಣೆ. 1949ರಲ್ಲಿ ಪೇಟೆ, ದಂಡಿನ ಪುರಸಭೆಗಳು ಕೂಡಿ ಒಂದು ನಗರಪಾಲಿಕೆಯಾಯಿತು. 1976ರಲ್ಲಿ ಟ್ರಸ್ಟಿನ ಜಾಗಕ್ಕೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಅಂದರೆ ಬಿಡಿಎ ಬಂತು.

ಪದಗಳು ಒಂದೇ ದಿನದಲ್ಲಿ ಬದಲಾಗಲಿಲ್ಲ. ಟ್ರಸ್ಟಿನ ಕಾಲದಲ್ಲಿ ರೂಪುಗೊಂಡ ರಾಜಮಹಲ್ ವಿಲಾಸ್ ‘ಎಕ್ಸ್‌ಟೆನ್ಷನ್’ ಎಂದೇ ಹೆಸರಾಯಿತು. 1976ರ ಬಿಡಿಎ ಕಾಯ್ದೆಯ 32ನೇ ಸೆಕ್ಷನ್‌ನಲ್ಲಿ ಎರಡೂ ಪದಗಳು ಜೊತೆಯಾಗಿವೆ. ಪ್ರಾಧಿಕಾರದ ಲಿಖಿತ ಮಂಜೂರಾತಿ ಇಲ್ಲದೆ ಯಾರೂ ಎಕ್ಸ್‌ಟೆನ್ಷನ್ ಅಥವಾ ಲೇಔಟ್ ರಚಿಸಕೂಡದೆಂದು ಅದು ಹೇಳುತ್ತದೆ. ಕಾನೂನಿನ ಕಣ್ಣಿಗೆ ಎರಡೂ ಒಂದೇ ಸಾಲಿನಲ್ಲಿ ನಿಂತವು. ಊರಿನ ನಾಲಗೆಯ ಮೇಲೆ ಮಾತ್ರ ಲೇಔಟ್ ಗೆದ್ದಿತು.

ಬಿಟಿಎಂ ಲೇಔಟ್‌ನ ಹೆಸರನ್ನು ಬಿಡಿಸಿದರೆ ಏನಾಯಿತೆಂಬುದು ತಿಳಿಯುತ್ತದೆ. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳ ಮೊದಲಕ್ಷರಗಳವು. ಎಚ್‌ಎಸ್‌ಆರ್ ಲೇಔಟ್‌ನ ಹೆಸರಿನಲ್ಲಿ ಊರೂ ಇಲ್ಲ. ಅದು ಹೊಸೂರು, ಸರ್ಜಾಪುರ ರಸ್ತೆಗಳ ಗುರುತು. ಲೇಔಟ್ ಎಂಬ ಪದ ಖಾಲಿ ಹಾಳೆಯನ್ನು ಊಹಿಸುತ್ತದೆ, ಆದರೆ ಈ ಜಮೀನುಗಳು ಖಾಲಿ ಇರಲಿಲ್ಲ. ಅಲ್ಲಿ ರಾಗಿ ಹೊಲ, ತೋಪು, ಕೆರೆ, ಕಾಲುವೆ, ಸ್ಮಶಾನ, ಗ್ರಾಮದೇವತೆಯ ಗುಡಿಗಳಿದ್ದವು. ಸ್ವಾಧೀನದ ನೋಟಿಸು ಹೊಲಕ್ಕೆ ಬಂದರೂ ಮನೆಗಳಿರುವ ಗ್ರಾಮಠಾಣಾ ಸಾಮಾನ್ಯವಾಗಿ ಉಳಿಯುತ್ತಿತ್ತು. ಹೀಗಾಗಿ ನೇರ ರಸ್ತೆಗಳ ಬಡಾವಣೆಯ ನಡುವೆ ಇದ್ದಕ್ಕಿದ್ದಂತೆ ಬೀದಿ ಡೊಂಕಾಗಿ, ಕಿರಿದಾಗಿ, ಅರಳಿಕಟ್ಟೆಯೊಂದು ಕಂಡರೆ ಅದು ಹಳೆಯ ಊರು ಎಂದು ತಿಳಿಯಬೇಕು. ಅಲ್ಲಿನ ರೈತರಿಗೆ ಪರಿಹಾರ ಸಂದಿತು, ಕಸುಬು ಮಾತ್ರ ಹೋಯಿತು. ಊರು ತನ್ನ ಜಾಗದಲ್ಲೇ ಇದ್ದರೂ ಉಳುವುದಕ್ಕೆ ಹೊಲವಿರಲಿಲ್ಲ.

ನಕ್ಷೆಯ ಗೆರೆಗೂ ಬೆಲೆಯಿದೆ

ಹಾಗೆಂದು ಲೇಔಟ್ ಎಂಬ ಪದವನ್ನು ದೂರುವುದಷ್ಟೇ ಆದರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ನಕ್ಷೆ ಎಂಬುದು ಒಂದು ಬಗೆಯ ವಾಗ್ದಾನ ಕೂಡ. ಬಿಡಿಎ ಕಾಯ್ದೆಯ ಪ್ರಕಾರ ಲೇಔಟ್‌ನ ಒಟ್ಟು ವಿಸ್ತೀರ್ಣದಲ್ಲಿ ಶೇ 15ಕ್ಕೆ ಕಡಿಮೆಯಿಲ್ಲದಷ್ಟು ಜಾಗವನ್ನು ಉದ್ಯಾನ, ಆಟದ ಮೈದಾನಗಳಿಗೂ ಅದಲ್ಲದೆ ಶೇ 10ಕ್ಕೆ ಕಡಿಮೆಯಿಲ್ಲದಷ್ಟನ್ನು ನಾಗರಿಕ ಸೌಲಭ್ಯಗಳಿಗೂ ಮೀಸಲಿಡಬೇಕು. ನಕ್ಷೆಯಲ್ಲಿ ಹಸಿರು ಬಳಿದ ಜಾಗ ಮುಂದೆ ಮಾರುವ ಸೈಟಲ್ಲ.

ಈ ವಾಗ್ದಾನ ಎಷ್ಟು ಗಟ್ಟಿ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋದದ್ದು ರಾಜಮಹಲ್ ವಿಲಾಸ್ ಎಕ್ಸ್‌ಟೆನ್ಷನ್‌ನಿಂದ. ಅಲ್ಲಿ ಸಾರ್ವಜನಿಕ ಉದ್ಯಾನಕ್ಕೆಂದು ಯೋಜನೆಯಲ್ಲಿ ಮೀಸಲಾಗಿದ್ದ ಜಾಗವನ್ನು ಖಾಸಗಿ ಟ್ರಸ್ಟೊಂದಕ್ಕೆ ನರ್ಸಿಂಗ್ ಹೋಂ ಕಟ್ಟಲು ಹಂಚಲಾಯಿತು. ಬಡಾವಣೆಯ ನಿವಾಸಿಗಳು ನ್ಯಾಯಾಲಯದ ಮೆಟ್ಟಿಲೇರಿದರು. ಹಂಚಿಕೆ ಸಲ್ಲದೆಂದು ಸುಪ್ರೀಂ ಕೋರ್ಟ್ 1991ರಲ್ಲಿ ತೀರ್ಪಿತ್ತಿತು. ಉದ್ಯಾನ ಉಳಿಸಿಕೊಳ್ಳುವ ಹಕ್ಕು ಅಲ್ಲಿ ವಾಸಿಸುವವರಿಗೆ ಇದೆಯೆಂಬುದನ್ನೂ ಅದು ಎತ್ತಿಹಿಡಿಯಿತು. ನಿವಾಸಿಗಳ ಕೈಯಲ್ಲಿದ್ದ ಆಧಾರ ಕಾಗದದ ಮೇಲಿನ ಒಂದು ಗೆರೆ. ಹೆಸರು ಎಕ್ಸ್‌ಟೆನ್ಷನ್ ಎಂದಿದ್ದರೂ ಅವರನ್ನು ಕಾಪಾಡಿದ್ದು ಲೇಔಟ್‌ನ ನಕ್ಷೆ.

ಅಂದರೆ ಎಕ್ಸ್‌ಟೆನ್ಷನ್‌ನಲ್ಲಿ ಇದ್ದವರು ಊರಿನ ಕಡೆ ಬೆರಳು ತೋರಿ ‘ನಾವು ನಿಮ್ಮ ಭಾಗ’ ಎನ್ನಬಹುದಿತ್ತು. ಮಂಜೂರಾದ ಲೇಔಟ್‌ನಲ್ಲಿ ಇರುವವರು ನಕ್ಷೆ ತೋರಿ ‘ಇದನ್ನು ಕೊಡುವುದಾಗಿ ಹೇಳಿದ್ದೀರಿ’ ಎನ್ನಬಹುದು.

ಎರಡೂ ಇಲ್ಲದವರು

ಈ ಎರಡರಲ್ಲಿ ಯಾವುದೂ ಇಲ್ಲದ ಮೂರನೆಯ ವರ್ಗವೊಂದು ಬೆಂಗಳೂರಿನಲ್ಲಿದೆ. ಅದನ್ನು ಜನ ‘ರೆವಿನ್ಯೂ ಲೇಔಟ್’ ಎನ್ನುತ್ತಾರೆ. 1964ರ ಭೂಕಂದಾಯ ಕಾಯ್ದೆಯಂತೆ ಭೂಪರಿವರ್ತನೆ ಮಾಡಿಸದೆ, ಪ್ರಾಧಿಕಾರದ ಮಂಜೂರಾತಿ ಪಡೆಯದೆ, ಹೊಲಕ್ಕೆ ಗೂಟ ಹೊಡೆದು ಸೈಟು ಮಾಡಿ ಮಾರಿದ ಜಾಗಗಳಿವು. ಇಲ್ಲಿಯೂ ನಕ್ಷೆಯೊಂದು ಇರುತ್ತದೆ, ಆದರೆ ಅದರ ಮೇಲೆ ಮೊಹರು ಇರುವುದಿಲ್ಲ. ಉದ್ಯಾನವೆಂದು ತೋರಿಸಿದ ಜಾಗ ಕೊನೆಗೆ ಸೈಟಾಗಿ ಮಾರಾಟವಾದರೆ ಕೇಳುವಂತಿಲ್ಲ. ಕೊಂಡವರಲ್ಲಿ ಹೆಚ್ಚಿನವರು ಬಿಡಿಎ ನಿವೇಶನಕ್ಕೆ ಅರ್ಜಿ ಹಾಕಿ ಕಾದು ಸೋತವರು, ಅಥವಾ ಅಷ್ಟು ಕಾಯಲು ಆಗದ ಸಣ್ಣ ಸಂಬಳದವರು.

ಇಂಥ ನಿವೇಶನ, ಕಟ್ಟಡಗಳನ್ನು ಸಕ್ರಮಗೊಳಿಸಲು 2007ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. ‘ಅಕ್ರಮ ಸಕ್ರಮ’ ಎಂದು ಹೆಸರಾದ ಆ ಯೋಜನೆಗೆ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ತಡೆ ನೀಡಿತು. ಅದೇ 2007ರಲ್ಲಿ ಸುತ್ತಲಿನ ಪುರಸಭೆಗಳನ್ನೂ 110 ಹಳ್ಳಿಗಳನ್ನೂ ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾಗಿತ್ತು. ಊರು ಅವರನ್ನು ಕಾಗದದಲ್ಲಿ ತನ್ನ ಭಾಗ ಮಾಡಿಕೊಂಡಿತು. ಆ ಹಳ್ಳಿಗಳಿಗೆ ಕಾವೇರಿ ನೀರು ಕೊಡುವುದಕ್ಕೆಂದೇ ಮುಖ್ಯವಾಗಿ ಕೈಗೊಂಡ ಐದನೇ ಹಂತದ ಯೋಜನೆ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ನಡುವೆ 17 ವರ್ಷ ಟ್ಯಾಂಕರ್ ಮತ್ತು ಕೊಳವೆ ಬಾವಿಯ ನೀರೇ ಎಷ್ಟೋ ಮನೆಗಳಿಗೆ ಗತಿಯಾಗಿತ್ತು. 2025ರಲ್ಲಿ ಆ ಪಾಲಿಕೆಯೇ ಐದು ಪಾಲಿಕೆಗಳಾಗಿ ಬೇರ್ಪಟ್ಟಿತು.

ಬಸವನಗುಡಿಗೆ ಪ್ಲೇಗಿನ ಕಾಲದಲ್ಲಿ ಹೋಗಿ ನೆಲೆಸಿದವರಿಗೂ ನೂರು ವರ್ಷಗಳ ನಂತರ ಹೊರವಲಯದ ರೆವಿನ್ಯೂ ಸೈಟಿನಲ್ಲಿ ಮನೆ ಕಟ್ಟಿಕೊಂಡವರಿಗೂ ಬೇಕಾಗಿದ್ದುದು ಒಂದೇ. ಗಾಳಿ ಬೆಳಕಿನ ಮನೆ, ಕುಡಿಯುವ ನೀರು, ಕೊಳಚೆ ಹರಿದುಹೋಗಲು ಚರಂಡಿ. ಮೊದಲಿನವರಿಗೆ ಊರು ತಾನೇ ಚಾಚಿಕೊಂಡು ಹೋಯಿತು. ಎರಡನೆಯವರು ಊರು ಬರುವ ಮೊದಲೇ ಹೋಗಿ ಕಾದು ಕುಳಿತರು.

ಆದ್ದರಿಂದ ನಿವೇಶನ ಕೊಳ್ಳಹೊರಟವರು ಈ ಎರಡು ಪದಗಳನ್ನು ಪ್ರಶ್ನೆಗಳಾಗಿ ಬದಲಿಸಿಕೊಳ್ಳುವುದು ಒಳ್ಳೆಯದು. ಎಕ್ಸ್‌ಟೆನ್ಷನ್ ಎಂದರೆ, ಇದು ಯಾವ ಊರಿನ ಭಾಗ, ನೀರು ಮತ್ತು ಚರಂಡಿ ಯಾರ ಹೊಣೆ? ಲೇಔಟ್ ಎಂದರೆ, ನಕ್ಷೆಗೆ ಮಂಜೂರಾತಿ ಕೊಟ್ಟವರು ಯಾರು, ಉದ್ಯಾನ ಎಲ್ಲಿದೆ, ಗೆರೆ ಎಳೆಯುವ ಮೊದಲು ಆ ನೆಲದಲ್ಲಿ ಏನಿತ್ತು? ಕೆರೆಯಿತ್ತು ಎಂಬ ಉತ್ತರ ಬಂದರೆ ಮುಂದಿನ ಮಳೆಗಾಲಕ್ಕೆ ಮೊದಲೇ ಯೋಚಿಸುವುದು ಕ್ಷೇಮ. ‘ಬಡಾವಣೆ’ ಎಂಬ ಒಂದೇ ಪದದಲ್ಲಿ ಈ ಎಲ್ಲ ಪ್ರಶ್ನೆಗಳೂ ಅಡಗಿ ಕುಳಿತಿವೆ. ಅವನ್ನು ಬೇರ್ಪಡಿಸಿ ಕೇಳುವ ಕೆಲಸ ಮಾತ್ರ ಕೊಳ್ಳುವವರದೇ.